ಸುಳ್ಳು ಹೇಳೋ ಮ್ಯಾಪು, ಅದನ್ನೇ ನಂಬೋ ಪ್ಯಾಸೆಂಜರ್ರು

ಮೆಟ್ರೋ ಮ್ಯಾಪನ್ನ ಭೂಗೋಳದ ಮೇಷ್ಟ್ರ ಕೈಗೆ ಕೊಟ್ರೆ ಸೊನ್ನೆ ಹಾಕಿ ವಾಪಸ್ ಕೊಡ್ತಾರೆ. ದೂರ ಸರಿ ಇರಲ್ಲ, ದಿಕ್ಕು ಸರಿ ಇರಲ್ಲ, ಸ್ಕೇಲ್ ಅಂತೂ ಇರೋದೇ ಇಲ್ಲ. ಆದ್ರೂ ಪ್ರಪಂಚದಲ್ಲಿ ಕೋಟ್ಯಂತರ ಜನ ದಿನಾ ಅದನ್ನೇ ನೋಡ್ಕೊಂಡು ಹೋಗಬೇಕಾದ ಕಡೆ ಹೋಗಿ ಸೇರ್ತಾರೆ. ಹಾಗಾದ್ರೆ ಮ್ಯಾಪು ಎಷ್ಟು ಸುಳ್ಳು ಹೇಳಿದ್ರೆ ನಡೆಯುತ್ತೆ, ಎಲ್ಲಿ ಸಿಕ್ಕಿ ಬೀಳುತ್ತೆ?

ಇದ್ರಲ್ಲಿ ಲಂಡನ್ ಕಥೆ ಎಲ್ಲಕ್ಕಿಂತ ಫೇಮಸ್ಸು. 1931ರಲ್ಲಿ ಹ್ಯಾರಿ ಬೆಕ್ ಅಂತ ಒಬ್ಬ ಡ್ರಾಫ್ಟ್ಸ್‌ಮನ್, ಅಂಡರ್‌ಗ್ರೌಂಡ್ ರೈಲಿನ ಸಿಗ್ನಲ್ ಆಫೀಸಲ್ಲಿ ಎಲೆಕ್ಟ್ರಿಕಲ್ ಡ್ರಾಯಿಂಗ್ ಮಾಡಿ ಪಳಗಿದ್ದೋನು, ಯಾರೂ ಕೇಳದೇ ಇದ್ರೂ ಬಿಡುವಿನಲ್ಲಿ ಕೂತು ಒಂದು ಹೊಸ ಮ್ಯಾಪ್ ಬಿಡಿಸಿದ. ಮುಂಚಿನ ಮ್ಯಾಪುಗಳಲ್ಲಿ ಲೈನುಗಳು ನಿಜವಾಗ್ಲೂ ಹೆಂಗೆ ಸೊಟ್ಟಪಟ್ಟ ಹೋಗ್ತಿದ್ವೋ ಹಂಗೇ ಬಿಡಿಸ್ತಿದ್ರು, ಊರ ಮಧ್ಯೆ ಹೆಸರು ಬರೆಯೋಕೂ ಜಾಗ ಇಲ್ಲದಂಗೆ ಸ್ಟೇಷನ್‌ಗಳು ಗಿಜಿಗಿಜಿ ಅನ್ನೋದು, ಊರಾಚೆ ಎಲ್ಲಾ ಖಾಲಿ. ಬೆಕ್ ಎಲ್ಲಾ ಲೈನುಗಳನ್ನೂ ಅಡ್ಡ, ಉದ್ದ, ಇಲ್ಲಾ 45 ಡಿಗ್ರಿ ಓರೆ, ಇಷ್ಟರಲ್ಲೇ ಕೂರಿಸಿಬಿಟ್ಟ, ಮಧ್ಯಭಾಗನ ಹಿಗ್ಗಿಸಿದ, ಹೊರಗಿನದ್ದನ್ನ ಕುಗ್ಗಿಸಿದ, ಸ್ಟೇಷನ್‌ಗಳ ನಡುವೆ ಹೆಚ್ಚುಕಮ್ಮಿ ಒಂದೇ ಗ್ಯಾಪ್ ಬಿಟ್ಟ. ಪಬ್ಲಿಸಿಟಿ ಡಿಪಾರ್ಟ್‌ಮೆಂಟ್‌ನೋರು ಮೊದಲು ಬೇಡ ಅಂದ್ರು, ಆಮೇಲೆ ನೋಡೋಣ ಅಂತ 1932ರಲ್ಲಿ 500 ಕಾಪಿ ಹಂಚಿದ್ರು, ಜನ ಮುಗಿಬಿದ್ದು ತಗೊಂಡ್ರು, 1933ರ ಜನವರಿಗೆ ಲಕ್ಷಗಟ್ಟಲೆ ಪ್ರಿಂಟಾಯ್ತು. ನ್ಯಾಯವಾಗಿ ಹೇಳಬೇಕಂದ್ರೆ ಜಾರ್ಜ್ ಡೋ ಅನ್ನೋನು ಬೇರೆ ರೈಲ್ವೇಗೆ ಇಂಥ ನೀಟಾದ ಡಯಾಗ್ರಾಮ್‌ಗಳನ್ನ ಬೆಕ್‌ಗಿಂತ ಮುಂಚೆನೇ ಮಾಡಿದ್ದ, ಆದ್ರೆ ಹೆಸರು ಬಂದಿದ್ದು ಬೆಕ್‌ಗೆ.

ಬೆಕ್ ಹೇಳಿದ ಸುಳ್ಳು ಎಂಥದ್ದು ಅಂತ ನೋಡಿ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಇರೋದು ಸುಮಾರು 260 ಮೀಟರ್, ಎಸ್ಕಲೇಟರ್ ಇಳಿದು ಪ್ಲಾಟ್‌ಫಾರ್ಮ್‌ಗೆ ಹೋಗೋ ಹೊತ್ತಿಗೆ ಮೇಲೇ ನಡ್ಕೊಂಡು ಹೋಗಿಬಿಡಬಹುದು. ಅದೇ ಲಂಡನ್ನಿನ ವಾಯುವ್ಯ ತುದೀಲಿ ಚಾಲ್ಫಾಂಟ್‌ನಿಂದ ಚೆಶಮ್‌ಗೆ 6 ಕಿಲೋಮೀಟರ್ ಮೇಲಿದೆ, ಅದೂ ಮುಂದಿನ ಸ್ಟೇಷನ್ನೇ. ಮ್ಯಾಪ್ ನೋಡಿದ್ರೆ ಇಷ್ಟು ವ್ಯತ್ಯಾಸ ಇದೆ ಅಂತ ಗೊತ್ತೇ ಆಗಲ್ಲ. ಟೂರಿಸ್ಟುಗಳು ಪಾಪ ಆ 260 ಮೀಟರ್‌ಗೂ ಟಿಕೆಟ್ ದುಡ್ಡು ಕೊಡ್ತಾರೆ, ಕೊನೆಗೆ 2015ರಲ್ಲಿ ಯಾವ ಸ್ಟೇಷನ್‌ನಿಂದ ಯಾವುದಕ್ಕೆ ಎಷ್ಟು ನಿಮಿಷದ ನಡಿಗೆ ಅಂತ ತೋರಿಸೋ ಇನ್ನೊಂದು ಮ್ಯಾಪನ್ನೇ ಲಂಡನ್ನಿನ ಟ್ರಾನ್ಸ್‌ಪೋರ್ಟ್ ಇಲಾಖೆ ಹೊರಗೆ ತರಬೇಕಾಯ್ತು.

ಗಣಿತದವರಿಗೆ ಮಾತ್ರ ಇದು ಸುಳ್ಳು ಅನ್ಸಲ್ಲ. ಯಾವುದು ಯಾವುದಕ್ಕೆ ಸೇರ್ಕೊಂಡಿದೆ ಅನ್ನೋದೊಂದೇ ಮುಖ್ಯ, ಉದ್ದ ಅಗಲ ಎಲ್ಲಾ ಬಿಟ್ಹಾಕಿ ಅನ್ನೋ ಯೋಚನೆ 1736ರಲ್ಲೇ ಲಿಯೊನಾರ್ಡ್ ಆಯ್ಲರ್ ಮಾಡಿದ್ದ, ಕೋನಿಗ್ಸ್‌ಬರ್ಗ್ ಅನ್ನೋ ಊರಿನ 7 ಸೇತುವೆನೂ ಒಂದೊಂದೇ ಸಲ ದಾಟಿ ಊರು ಸುತ್ತಬಹುದಾ ಅನ್ನೋ ಲೆಕ್ಕದಲ್ಲಿ. ಸುರಂಗದೊಳಗೆ ಕೂತೋನಿಗೂ ಅಷ್ಟೇ ಬೇಕಾಗಿರೋದು, ಎಲ್ಲಿ ಇಳೀಬೇಕು, ಎಲ್ಲಿ ಬದಲಾಯಿಸ್ಬೇಕು. ಕಿಟಕಿ ಆಚೆ ಕತ್ತಲು, ಮ್ಯಾಪ್ ಸುಳ್ಳು ಅಂತ ಹಿಡಿಯೋಕೆ ಅವನ ಹತ್ರ ಸಾಕ್ಷಿ ಏನೂ ಇಲ್ಲ. ಮೇಲಿನ ಊರಿಂದು ಅಂತ ಬೆಕ್ ಉಳಿಸಿದ್ದು ಥೇಮ್ಸ್ ನದಿ ಒಂದೇ, ಅದನ್ನೂ ನೆಟ್ಟಗೆ ಮಾಡಿ. 2009ರ ಸೆಪ್ಟೆಂಬರ್‌ನಲ್ಲಿ ಮ್ಯಾಪ್ ಕ್ಲೀನ್ ಮಾಡ್ತೀವಿ ಅಂತ ಆ ನದೀನೂ ತೆಗೆದು ಹಾಕಿದ್ರು ನೋಡಿ, ಜನ ರೊಚ್ಚಿಗೆದ್ರು, ಮೇಯರ್ರೇ ಗರಂ ಆದ್ರು, ವರ್ಷ ಮುಗಿಯೋದ್ರೊಳಗೆ ನದಿ ವಾಪಸ್ ಬಂತು.

ಇದೇ ಐಡಿಯಾ ನ್ಯೂಯಾರ್ಕ್‌ನಲ್ಲಿ ಏಟು ತಿಂತು. 1972ರಲ್ಲಿ ಮಾಸ್ಸಿಮೊ ವಿನ್ಯೆಲ್ಲಿ ಅನ್ನೋ ದೊಡ್ಡ ಡಿಸೈನರ್ ಅಲ್ಲಿನ ಸಬ್‌ವೇಗೆ ಒಂದು ಮ್ಯಾಪ್ ಮಾಡಿದ, ಪ್ರತಿ ರೂಟಿಗೂ ಬೇರೆ ಗೆರೆ, ಪ್ರತಿ ಸ್ಟಾಪಿಗೂ ಒಂದು ಚುಕ್ಕೆ, ನೋಡೋಕೆ ಗೋಡೆಗೆ ಫ್ರೇಮ್ ಹಾಕಿ ಇಟ್ಕೋಬೇಕು ಅನ್ನೋ ಹಾಗಿತ್ತು. ಆದ್ರೆ ಮ್ಯಾನ್‌ಹಟನ್‌ನಲ್ಲಿ ರಸ್ತೆಗಳಿಗೆಲ್ಲ ನಂಬರ್ರು, ಚೌಕಾಕಾರದ ಊರು, ಎಂಟನೇ ಅವೆನ್ಯೂ ಯಾವ ಕಡೆ ಬ್ರಾಡ್‌ವೇ ಯಾವ ಕಡೆ ಅಂತ ಅಲ್ಲಿನ ಮಕ್ಕಳಿಗೂ ಗೊತ್ತು. ಅಲ್ಲಿ ಐವತ್ತನೇ ಬೀದಿ ಹೆಸರಿನ ಸ್ಟೇಷನ್‌ಗಳು ಎರಡಿವೆ, ಒಂದು ಬ್ರಾಡ್‌ವೇನಲ್ಲಿ, ಇನ್ನೊಂದು ಅದಕ್ಕಿಂತ ಪಶ್ಚಿಮಕ್ಕೆ ಎಂಟನೇ ಅವೆನ್ಯೂನಲ್ಲಿ. ವಿನ್ಯೆಲ್ಲಿ ಮ್ಯಾಪಲ್ಲಿ ಇವೆರಡೂ ಅದಲು ಬದಲು! ಅದನ್ನ ನಂಬ್ಕೊಂಡು ಮೇಲೆ ಬಂದೋನು ಉಲ್ಟಾ ದಿಕ್ಕಿಗೆ ಹೊರಡ್ತಾನೆ. ಸಾಲದ್ದಕ್ಕೆ ಉದ್ದನೆಯ ಸೆಂಟ್ರಲ್ ಪಾರ್ಕು ಚೌಕ ಆಗಿತ್ತು, ಅದಕ್ಕೆ ಬೂದು ಬಣ್ಣ, ನದಿ ಸಮುದ್ರಕ್ಕೆಲ್ಲ ಮಾಸಲು ಬಣ್ಣ. ಏಳು ವರ್ಷದಲ್ಲಿ ಆ ಮ್ಯಾಪ್ ಮನೆಗೆ ಹೋಯ್ತು, ಜಾಗಕ್ಕೆ ರಸ್ತೆ, ಪಾರ್ಕು, ನೀಲಿ ನೀರು ಎಲ್ಲಾ ಇರೋ ಮ್ಯಾಪ್ ಬಂತು. ತಮಾಷೆ ಅಂದ್ರೆ 2025ರಲ್ಲಿ ಅದನ್ನೂ ತೆಗೆದು ಮತ್ತೆ ವಿನ್ಯೆಲ್ಲಿ ಶೈಲಿಯದ್ದೇ ಡಯಾಗ್ರಾಮ್ ಹಾಕಿದ್ದಾರೆ. ರಸ್ತೆ ತೋರಿಸೋಕೆ ಈಗ ಎಲ್ಲರ ಜೇಬಲ್ಲೂ ಫೋನಿದೆಯಲ್ಲ, ಅದಕ್ಕೇ ಈ ಧೈರ್ಯ ಬಂದಿರ್ಬೇಕು ಅಂತ ನನ್ನ ಲೆಕ್ಕ.

ಇಲ್ಲೀವರೆಗೂ ಸುಳ್ಳಿನಿಂದ ಆಗೋದು ಸ್ವಲ್ಪ ಗೊಂದಲ ಅಷ್ಟೇ ಅನ್ಸಬಹುದು. ಆದ್ರೆ ನ್ಯೂಯಾರ್ಕ್ ಯೂನಿವರ್ಸಿಟಿಯ ಝಾನ್ ಗುವೋ 2011ರಲ್ಲಿ ಒಂದು ಸ್ಟಡಿ ಪಬ್ಲಿಷ್ ಮಾಡಿದ್ರು, ಲಂಡನ್ನಿನ ಪ್ಯಾಸೆಂಜರ್‌ಗಳು ನಿಜವಾಗ್ಲೂ ಯಾವ ದಾರೀಲಿ ಹೋಗ್ತಾರೆ ಅನ್ನೋ ಸರ್ವೇ ಇಟ್ಕೊಂಡು. ದಾರಿ ಆರಿಸೋವಾಗ ಮ್ಯಾಪ್ ಮೇಲೆ ಕಾಣೋ ದೂರಕ್ಕೆ ಜನ ಕೊಡೋ ಬೆಲೆ, ನಿಜವಾದ ಪ್ರಯಾಣದ ಟೈಮಿಗೆ ಕೊಡೋದರ ಹತ್ತಿರ ಹತ್ತಿರ ಎರಡರಷ್ಟಂತೆ! ಪ್ಯಾಡಿಂಗ್ಟನ್‌ನಿಂದ ಬಾಂಡ್ ಸ್ಟ್ರೀಟ್‌ಗೆ ಹೋಗಬೇಕು ಅಂತಿಟ್ಕೊಳ್ಳಿ, ಅದಿರೋದು ಪೂರ್ವಕ್ಕೆ. ಬೇಕರ್ ಸ್ಟ್ರೀಟ್ ಮೇಲೆ ಹೋದ್ರೆ ಬೇಗ. ನಾಟಿಂಗ್ ಹಿಲ್ ಗೇಟ್ ಮೇಲೆ ಹೋಗೋದು ಅಂದ್ರೆ ಮೊದಲು ಪಶ್ಚಿಮಕ್ಕೆ ಹಿಂದೆ ಹೋಗಿ ಆಮೇಲೆ ಮುಂದೆ ಬಂದಂಗೆ, ಆದ್ರೆ ಮ್ಯಾಪಲ್ಲಿ ಆ ಗೆರೆ ಪ್ಯಾಡಿಂಗ್ಟನ್‌ನಿಂದ ನೆಟ್ಟಗೆ ಕೆಳಗಿಳಿಯುತ್ತೆ, ಹಿಂದೆ ಹೋಗ್ತಿದೀವಿ ಅಂತ ಯಾರಿಗೂ ಅನ್ಸಲ್ಲ, ದಾರಿನೂ ಗಿಡ್ಡ ಕಾಣುತ್ತೆ, ಹಂಗಾಗಿ ಸುಮಾರು 30% ಜನ ಆ ಕಡೆಯಿಂದಾನೇ ಹೋಗ್ತಿದ್ರು. ಇದು ಹೊಸಬರ ಕಥೆ ಮಾತ್ರ ಅಲ್ಲ, ದಿನಾ ಓಡಾಡೋರೂ ತಮ್ಮ ಅನುಭವಕ್ಕಿಂತ ಮ್ಯಾಪನ್ನೇ ಜಾಸ್ತಿ ನಂಬ್ತಾರಂತೆ. ಅಂದ್ರೆ ಹೊಸ ಹಳಿ ಹಾಕದೆ, ಬೋಗಿ ಕೊಳ್ಳದೆ, ಬರೀ ಒಂದು ಗೆರೆ ಸ್ವಲ್ಪ ಬಗ್ಗಿಸಿ ರಶ್ಶನ್ನ ಆ ಕಡೆಯಿಂದ ಈ ಕಡೆಗೆ ತಳ್ಳಬಹುದು.

ಜನರನ್ನೇ ಕೇಳಿ ಒಳ್ಳೇ ಮ್ಯಾಪ್ ಮಾಡೋಣ ಅಂದ್ರೆ ಅದೂ ಆಗಲ್ಲ. ಎಸೆಕ್ಸ್ ಯೂನಿವರ್ಸಿಟಿಯ ಸೈಕಾಲಜಿಸ್ಟ್ ಮ್ಯಾಕ್ಸ್‌ವೆಲ್ ರಾಬರ್ಟ್ಸ್ ಪ್ಯಾರಿಸ್ ಮೆಟ್ರೋಗೆ ಬರೀ ಬಾಗಿದ ಗೆರೆಗಳ ಮ್ಯಾಪ್ ಮಾಡಿ ಟೆಸ್ಟ್ ಮಾಡಿದ್ರು, ದಾರಿ ಹುಡುಕೋದು ಆಫೀಷಿಯಲ್ ಮ್ಯಾಪಿಗಿಂತ ಅದ್ರಲ್ಲೇ ಎಷ್ಟೋ ಬೇಗ ಆಯ್ತು. ಆದ್ರೆ ಯಾವುದು ಇಷ್ಟ ಅಂತ ಜನ ಹೇಳಿದ್ದಕ್ಕೂ ಯಾವುದ್ರಲ್ಲಿ ಬೇಗ ದಾರಿ ಕಂಡುಹಿಡಿದ್ರು ಅನ್ನೋದಕ್ಕೂ ತಾಳೆನೇ ಆಗ್ಲಿಲ್ಲ. ನಮ್ಮ ಕಣ್ಣಿಗೆ 45 ಡಿಗ್ರಿ ರೂಢಿ ಆಗೋಗಿದೆ, ಅಷ್ಟೇ.

ಬೆಂಗಳೂರಲ್ಲಿ ಈ ತಲೆನೋವು ಈಗ ಶುರುವಾಗ್ತಿದೆ. ನೇರಳೆ, ಹಸಿರು ಎರಡೇ ಲೈನ್ ಇದ್ದಾಗ ಮೆಜೆಸ್ಟಿಕ್‌ನಲ್ಲಿ ಒಂದು ಕ್ರಾಸ್, ಯಾರು ಬೇಕಾದ್ರೂ ಬಿಡಿಸಬಹುದಿತ್ತು. 2025ರ ಆಗಸ್ಟ್‌ನಲ್ಲಿ ಆರ್‌ವಿ ರೋಡ್‌ನಿಂದ ಬೊಮ್ಮಸಂದ್ರಕ್ಕೆ ಹಳದಿ ಲೈನ್ ಬಂತು. ಪ್ಲಾನ್ ಪ್ರಕಾರ ಗುಲಾಬಿ ಮತ್ತು ನೀಲಿನೂ ಪೂರ್ತಿ ಆದ್ಮೇಲೆ ವೈಟ್‌ಫೀಲ್ಡ್‌ನಿಂದ ಬೊಮ್ಮಸಂದ್ರಕ್ಕೆ ಹೋಗೋಕೆ ಮೂರು ದಾರಿ: ಕೆಆರ್ ಪುರದಲ್ಲಿ ನೀಲಿ ಹತ್ತಿ ಸಿಲ್ಕ್ ಬೋರ್ಡ್, ಎಂಜಿ ರೋಡಲ್ಲಿ ಗುಲಾಬಿ ಹತ್ತಿ ಜಯದೇವ, ಇಲ್ಲಾ ಮೆಜೆಸ್ಟಿಕ್‌ವರೆಗೂ ಹೋಗಿ ಹಸಿರು ಹತ್ತಿ ಆರ್‌ವಿ ರೋಡು, ಮೂರರಲ್ಲೂ ಅಲ್ಲಿಂದ ಮುಂದೆ ಹಳದಿ. ಔಟರ್ ರಿಂಗ್ ರೋಡ್ ಉದ್ದಕ್ಕೂ ಹೋಗೋ ಆ ನೀಲಿ ಗೆರೇನ ಮ್ಯಾಪಲ್ಲಿ ಒಂದು ಇಂಚು ಜಾಸ್ತಿ ಹೊಟ್ಟೆ ಉಬ್ಬಿಸಿ ಬಿಡಿಸಿದ್ರೆ ಸಾಕು, ಅದು ದೂರ ಅನ್ಸಿ ಒಂದಷ್ಟು ಜನ ಎಂಜಿ ರೋಡಿಗೆ ಬಂದು ಇಳೀತಾರೆ.