ಪಕ್ಕದ ಸೀಟಿನವರು ಕೊಟ್ಟ ದುಡ್ಡೆಷ್ಟು?

ಕಳೆದ ಬೇಸಿಗೆ ರಜೆಯಲ್ಲಿ ಮನೆಯ ನಾಲ್ವರೂ ಬೆಂಗಳೂರಿನಿಂದ ದೆಹಲಿಗೆ ಹೊರಡಬೇಕಿತ್ತು. ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಕುಳಿತೆ. ಪ್ರಯಾಣಿಕರು ನಾಲ್ಕು ಎಂದು ತುಂಬಿದಾಗ ತಲೆಗೆ 7,400 ರೂಪಾಯಿ ತೋರಿಸಿತು. ಏನೋ ಅನುಮಾನ ಬಂದು ನಾಲ್ಕನ್ನು ಎರಡು ಮಾಡಿ ನೋಡಿದೆ. ಅದೇ ದಿನ, ಅದೇ ಬೆಳಗಿನ ವಿಮಾನ, ತಲೆಗೆ 6,100. ಇಬ್ಬಿಬ್ಬರಂತೆ ಎರಡು ಸಲ ಬುಕ್ ಮಾಡಿ, ಎರಡನೆಯ ಜೋಡಿಗೆ 7,400ರ ದರವೇ ಬಿದ್ದರೂ, 2,600 ರೂಪಾಯಿ ಉಳಿಸಿಕೊಂಡೆ. ಉಳಿಯಿತಲ್ಲ ಎಂಬ ಸಂತೋಷಕ್ಕಿಂತ, ಇದು ಗೊತ್ತಿಲ್ಲದೆ ಎಷ್ಟು ಕುಟುಂಬಗಳು ಹೆಚ್ಚಿಗೆ ತೆತ್ತಿವೆಯೋ ಎಂಬ ಸಂಕಟವೇ ದೊಡ್ಡದಾಯಿತು.

ಅಲ್ಲಿ ನಡೆದದ್ದು ಇಷ್ಟು. ವಿಮಾನದ ಸೀಟುಗಳು ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಮಾರಾಟದ ಲೆಕ್ಕದಲ್ಲಿ ಹಾಗಿಲ್ಲ. ಸಂಸ್ಥೆ ಅವನ್ನು ಹಲವು ದರಗಳ ಗುಂಪುಗಳಾಗಿ ಹಂಚಿಟ್ಟಿರುತ್ತದೆ. ಉದ್ಯಮದವರು ಇದಕ್ಕೆ ‘ಬಕೆಟ್’ ಎನ್ನುತ್ತಾರೆ. ಒಂದೊಂದಕ್ಕೂ ಇಂಗ್ಲಿಷಿನ ಒಂದೊಂದು ಅಕ್ಷರದ ಗುರುತು. ಅಗ್ಗದ ಬಕೆಟ್‌ನಲ್ಲಿ ಎರಡೇ ಸೀಟು ಉಳಿದಿರುವಾಗ ನಾಲ್ಕು ಕೇಳಿದರೆ, ಕಂಪ್ಯೂಟರ್ ಸಾಮಾನ್ಯವಾಗಿ ಎರಡನ್ನು ಕೆಳಗಿನಿಂದ, ಎರಡನ್ನು ಮೇಲಿನಿಂದ ತೆಗೆದುಕೊಡುವುದಿಲ್ಲ. ನಾಲ್ಕೂ ಒಟ್ಟಿಗೆ ಸಿಗುವ ಮೆಟ್ಟಿಲಿಗೆ ಏರಿ, ನಾಲ್ವರಿಗೂ ಆ ದರವನ್ನೇ ಹಾಕುತ್ತದೆ.

ಈ ಮೆಟ್ಟಿಲುಗಳು ಮೊದಲಿನಿಂದ ಇದ್ದವಲ್ಲ. ಎರಡನೆಯ ಮಹಾಯುದ್ಧದ ನಂತರ ದೇಶದಿಂದ ದೇಶಕ್ಕೆ ಹಾರುವ ವಿಮಾನಗಳ ದರವನ್ನು ಸಂಸ್ಥೆಗಳೆಲ್ಲ ಒಂದೆಡೆ ಸೇರಿ ನಿಗದಿ ಮಾಡುತ್ತಿದ್ದವು. ಅಮೆರಿಕದ ಒಳಗಿನ ದರ ಸರ್ಕಾರಿ ಮಂಡಳಿಯ ಕೈಯಲ್ಲಿತ್ತು. ಬೆಲೆಯಲ್ಲಿ ಸ್ಪರ್ಧಿಸುವಂತಿಲ್ಲದ ಮೇಲೆ ಪೈಪೋಟಿ ಊಟದ ತಟ್ಟೆಗೆ ಇಳಿಯಿತು. 1958ರಲ್ಲಿ ಅಟ್ಲಾಂಟಿಕ್ ದಾಟುವ ಅಗ್ಗದ ದರ್ಜೆಯಲ್ಲಿ ಸ್ಯಾಂಡ್‌ವಿಚ್ ಮಾತ್ರ ಕೊಡಬಹುದು ಎಂಬ ನಿಯಮವಿದ್ದಾಗ, ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಒಂದು ತುಂಡು ಬ್ರೆಡ್ಡಿನ ಮೇಲೆ ಭರ್ತಿ ಊಟವನ್ನೇ ಪೇರಿಸಿ ಬಡಿಸುತ್ತಿದೆ ಎಂದು ಅಮೆರಿಕದ ವಿಮಾನ ಸಂಸ್ಥೆ ಪ್ಯಾನ್ ಆ್ಯಮ್ ದೂರು ಕೊಟ್ಟಿತು. ಸ್ಯಾಂಡ್‌ವಿಚ್ ಎಂದರೇನು ಎಂಬುದು ಗಂಭೀರ ವಿವಾದವಾಯಿತು.

ಆದರೆ ಅಮೆರಿಕದ ಆ ಮಂಡಳಿಯ ಅಧಿಕಾರ ರಾಜ್ಯದ ಗಡಿಯೊಳಗೇ ಹಾರುವ ವಿಮಾನಗಳ ಮೇಲೆ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪಿಎಸ್‌ಎ, 1971ರಿಂದ ಟೆಕ್ಸಾಸ್‌ನಲ್ಲಿ ಸೌತ್‌ವೆಸ್ಟ್, ಅಷ್ಟೇ ದೂರಕ್ಕೆ ಬಹಳ ಕಡಿಮೆ ದರದಲ್ಲಿ ಜನರನ್ನು ಒಯ್ದವು. ಹಾಗಾದರೆ ಉಳಿದವರೇಕೆ ಇಷ್ಟು ಕೇಳುತ್ತಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. 1978ರಲ್ಲಿ ಕಾನೂನು ಬಂದು ದರಗಳ ಕಟ್ಟು ಬಿಚ್ಚಿತು.

ಬೆಲೆಯ ಗಣಿತ ಅದಕ್ಕೂ ಮೊದಲೇ ಸಿದ್ಧವಾಗಿತ್ತು. 1972ರಲ್ಲಿ ಬ್ರಿಟನ್ನಿನ ಬಿಒಎಸಿ ಸಂಸ್ಥೆಯ ಕೆನ್ ಲಿಟಲ್‌ವುಡ್ ಒಂದು ಸೂತ್ರ ಮುಂದಿಟ್ಟರು. ನಮ್ಮ ರೂಪಾಯಿಯಲ್ಲೇ ಹೇಳುತ್ತೇನೆ. ಒಂದು ಸೀಟನ್ನು ಇವತ್ತು ಒಬ್ಬರು 4,000ಕ್ಕೆ ಕೇಳುತ್ತಿದ್ದಾರೆ. ಕೊನೆಯ ದಿನ 10,000 ಕೊಡುವವರು ಬರುವ ಸಾಧ್ಯತೆ ಅರ್ಧಕ್ಕರ್ಧ ಇದ್ದರೆ, ಕಾದಿರಿಸಿದ ಸೀಟಿನ ಬೆಲೆ ಲೆಕ್ಕದಲ್ಲಿ 5,000 ಆಯಿತು, ಇವತ್ತು ಮಾರಬಾರದು. ಸಾಧ್ಯತೆ ಶೇ 30 ಮಾತ್ರ ಎಂದಾದರೆ ಅದು 3,000, ಮಾರಿಬಿಡಬೇಕು. ಎಂಥ ದೊಡ್ಡ ಕಂಪ್ಯೂಟರ್ ಬಂದರೂ ಬುಡದಲ್ಲಿರುವ ಲೆಕ್ಕ ಇದೇ.

ಇದನ್ನು ಆಯುಧ ಮಾಡಿಕೊಂಡದ್ದು ಅಮೆರಿಕನ್ ಏರ್‌ಲೈನ್ಸ್. 1981ರಲ್ಲಿ ಹುಟ್ಟಿದ ಪೀಪಲ್ ಎಕ್ಸ್‌ಪ್ರೆಸ್ ಎಲ್ಲ ಸೀಟನ್ನೂ ಅಗ್ಗಕ್ಕೆ ಕೊಟ್ಟು ಹಳಬರ ಗಿರಾಕಿಗಳನ್ನು ಸೆಳೆಯುತ್ತಿತ್ತು. ರಾಬರ್ಟ್ ಕ್ರ್ಯಾಂಡಲ್ ನೇತೃತ್ವದ ಅಮೆರಿಕನ್ ಏರ್‌ಲೈನ್ಸ್, ಹೇಗೂ ಖಾಲಿ ಹೋಗಲಿದ್ದ ಸೀಟುಗಳನ್ನಷ್ಟೇ 1985ರ ಜನವರಿಯಿಂದ ಅದೇ ಅಗ್ಗದ ಮಟ್ಟಕ್ಕಿಳಿಸಿತು. ಉಳಿದವನ್ನು ಹಳೆಯ ಬೆಲೆಗೇ ಕಾದಿರಿಸಿತು. ಎದುರಾಳಿ ಎರಡೇ ವರ್ಷದಲ್ಲಿ ಮುಳುಗಿ ಕಾಂಟಿನೆಂಟಲ್ ಎಂಬ ಇನ್ನೊಂದು ವಿಮಾನ ಸಂಸ್ಥೆಯಲ್ಲಿ ಲೀನವಾಯಿತು. ಅಗ್ಗದ ಸೀಟಿಗೆ ಕಂಪನಿಯ ಖರ್ಚಿನಲ್ಲಿ ತಿರುಗುವವರು ನುಗ್ಗದಂತೆ ಬೇಲಿಯೂ ಬೇಕಿತ್ತು. ವಾರಗಳ ಮುಂಚೆ ಕೊಳ್ಳಬೇಕು, ಹೋದ ಊರಿನಲ್ಲಿ ಶನಿವಾರ ರಾತ್ರಿ ಕಳೆಯಬೇಕು ಎಂಬ ಷರತ್ತುಗಳು ಹೀಗೆ ಬಳಕೆಗೆ ಬಂದವು. ಕೆಲಸಕ್ಕೆ ಹೋದವರು ವಾರಾಂತ್ಯಕ್ಕೆ ಮನೆ ಸೇರಬಯಸುತ್ತಾರೆ. ಆ ಆಸೆಗೆ ಒಂದು ಬೆಲೆ ಬಿತ್ತು.

ನಮ್ಮಲ್ಲಿ 1953ರ ರಾಷ್ಟ್ರೀಕರಣದಿಂದ 1994ರಲ್ಲಿ ಆ ಕಾಯ್ದೆ ರದ್ದಾಗುವ ತನಕ ದರದಲ್ಲಿ ಸರ್ಕಾರದ್ದೇ ಮಾತು. ಖಾಸಗಿಯವರು ಬಂದ ಮೇಲೂ ವಿಮಾನ ಸಾಮಾನ್ಯರ ಕೈಗೆಟುಕಲಿಲ್ಲ. ಅದನ್ನು ಎಟುಕುವಂತೆ ಮಾಡಿದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಸೈನ್ಯದಿಂದ ಬಂದು ಬೇಸಾಯ ಮಾಡಿದ ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು; ಪುಟ್ಟ ಎಟಿಆರ್ ವಿಮಾನದ ಮೊದಲ ಮಾರ್ಗಗಳಲ್ಲೇ ಬೆಂಗಳೂರು–ಹುಬ್ಬಳ್ಳಿ ಇತ್ತು. ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಸಂಸ್ಥೆಯ ಗುರುತು. ಊಟವಿಲ್ಲ, ಥಳುಕಿಲ್ಲ. ಕೆಲವು ಸೀಟುಗಳು ತೆರಿಗೆ ಬಿಟ್ಟರೆ ಒಂದೇ ರೂಪಾಯಿಗೆ ಸಿಗುತ್ತಿದ್ದವು. ಆ ಒಂದು ರೂಪಾಯಿಯನ್ನು ಪ್ರಚಾರದ ತಂತ್ರ ಎಂದು ತಳ್ಳಿಹಾಕುವವರಿದ್ದಾರೆ; ನಾನು ಒಪ್ಪುವುದಿಲ್ಲ. ಜೀವಮಾನದಲ್ಲಿ ವಿಮಾನ ಹತ್ತುವುದಿಲ್ಲ ಎಂದುಕೊಂಡಿದ್ದ ಜನ ಅದರಿಂದಾಗಿ ಹತ್ತಿದರು. ಬೇಗ ಕೊಂಡವರಿಗೆ ಅಗ್ಗ, ತಡವಾದವರಿಗೆ ತುಟ್ಟಿ ಎಂಬ ಪಾಠವನ್ನು ಈ ದೇಶದ ಮಧ್ಯಮ ವರ್ಗ ಕಲಿತದ್ದೂ ಆಗಲೇ. 2007ರಲ್ಲಿ ಕಿಂಗ್‌ಫಿಶರ್ ಅದರಲ್ಲಿ ಪಾಲು ಕೊಂಡಿತು, ಮರುವರ್ಷ ಹೆಸರೂ ಹೋಯಿತು, ಪಾಠ ಉಳಿಯಿತು.

ಸರ್ಕಾರ ಆಗೊಮ್ಮೆ ಈಗೊಮ್ಮೆ ನಡುವೆ ಬಂದಿದೆ. ಕೋವಿಡ್ ಬೀಗ ತೆರೆದಾಗ, 2020ರ ಮೇ 25ರಿಂದ, ಕನಿಷ್ಠ ಮತ್ತು ಗರಿಷ್ಠ ದರ ಎರಡನ್ನೂ ಕಟ್ಟಿಹಾಕಿತು; 40 ನಿಮಿಷದೊಳಗಿನ ಹಾರಾಟಕ್ಕೆ 2,000ದಿಂದ 6,000. ಆ ಕಟ್ಟು ಸಡಿಲಿದ್ದು 2022ರ ಆಗಸ್ಟ್ 31ಕ್ಕೆ. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾಗಿ, ಉಳಿದ ಸೀಟುಗಳ ಬೆಲೆ ಗಗನಕ್ಕೇರಿದಾಗ ಮತ್ತೆ ಮಿತಿ ಬಂತು: 500 ಕಿ.ಮೀ. ಒಳಗೆ 7,500, ಸಾವಿರದವರೆಗೆ 12,000. ದೇಶದೊಳಗಿನ ಪ್ರಯಾಣಿಕರಲ್ಲಿ ಶೇ 60ಕ್ಕಿಂತ ಹೆಚ್ಚು ಮಂದಿ ಒಂದೇ ಸಂಸ್ಥೆಯನ್ನು ನೆಚ್ಚಿಕೊಂಡಿರುವಾಗ ಅದು ಮುಗ್ಗರಿಸಿದರೆ ಜನ ಹೋಗುವುದೆಲ್ಲಿಗೆ? ಲಿಟಲ್‌ವುಡ್ ಸೂತ್ರಕ್ಕೆ ಬೇಡಿಕೆ ಮಾತ್ರ ಗೊತ್ತು. ಮಗಳ ಮದುವೆಗೆ ಹೊರಟವರು, ತಾಯಿಯ ಅಂತ್ಯಸಂಸ್ಕಾರಕ್ಕೆ ಓಡುವವರು ಅದಕ್ಕೆ ‘ಕೊನೆಯ ದಿನ ಹೆಚ್ಚು ಕೊಡುವವರು’ ಅಷ್ಟೇ. ರಜೆ, ಹಬ್ಬ ಬಂತೆಂದರೆ ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿ ಬರುವ ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ಅವರ ರಜೆಯ ತಾರೀಕು ಅವರ ಕೈಯಲ್ಲಿಲ್ಲ.

ತಾರೀಕು ಕೈಯಲ್ಲಿದ್ದವರು ಮಾಡಬಹುದಾದದ್ದು ಸಾಕಷ್ಟಿದೆ. ದಿನವನ್ನು ಮೊದಲೇ ಗಟ್ಟಿ ಮಾಡಿಕೊಳ್ಳದೆ ತಿಂಗಳ ದರಪಟ್ಟಿ ನೋಡುವುದು ಎಲ್ಲಕ್ಕಿಂತ ದೊಡ್ಡ ಉಳಿತಾಯ. ಶುಕ್ರವಾರ ಸಂಜೆಯ ವಿಮಾನಕ್ಕೂ ವಾರದ ನಡುವಿನ ನಸುಕಿನ ವಿಮಾನಕ್ಕೂ ಹೋಲಿಕೆಯೇ ಇರುವುದಿಲ್ಲ. ಅಕ್ಕಪಕ್ಕದ ನಿಲ್ದಾಣಗಳನ್ನೂ ನೋಡಬೇಕು: ಬೆಳಗಾವಿಯವರಿಗೆ ಹುಬ್ಬಳ್ಳಿಯೂ ಗೋವಾದ ಮೋಪಾವೂ ಇವೆ, ಮಂಗಳೂರಿನವರಿಗೆ ಕಣ್ಣೂರು ಇದೆ, ಕಲಬುರಗಿಯವರು ಹೈದರಾಬಾದಿಗೆ ಹೋಗುವುದು ಹೊಸತಲ್ಲ. ಟ್ಯಾಕ್ಸಿಯ ಖರ್ಚು ಕೂಡಿಸಿಯೇ ಹೋಲಿಸಬೇಕು, ಬ್ಯಾಗಿನ ಶುಲ್ಕವನ್ನೂ. ಹೋಲಿಕೆಯ ತಾಣದಲ್ಲಿ ಕಂಡ ದರವನ್ನು ಸಂಸ್ಥೆಯ ಸ್ವಂತ ತಾಣದಲ್ಲಿ ಒಮ್ಮೆ ನೋಡಿ ಕೊಳ್ಳುವುದು ಒಳ್ಳೆಯದು. ಮಂಗಳವಾರ ಮಧ್ಯರಾತ್ರಿ ಕೊಂಡರೆ ಅಗ್ಗ ಎಂಬ ಮಾತಿಗೆ ಜೋತುಬೀಳಬೇಡಿ. ಕೊಳ್ಳುವ ದಿನಕ್ಕಿಂತ ಹಾರುವ ದಿನ ಮುಖ್ಯ. ಟಿಕೆಟ್ ರದ್ದು ಮಾಡಿದರೆ ಮೂಲ ದರ ಹೋದರೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳು ವಾಪಸ್ ಬರಲೇಬೇಕು ಎಂಬುದು ವಿಮಾನಯಾನದ ಮೇಲುಸ್ತುವಾರಿ ನೋಡುವ ಡಿಜಿಸಿಎಯ ನಿಯಮ. ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ.

ನಮ್ಮ ರೈಲ್ವೆಯೂ 2016ರಲ್ಲಿ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಿಗೆ ಏರುವ ದರ ತಂದಿತು. ಶೇ 10ರಷ್ಟು ಸೀಟು ತುಂಬಿದಂತೆಲ್ಲ ದರ ಶೇ 10 ಏರುತ್ತಿತ್ತು, ಆಗ ಗರಿಷ್ಠ ಒಂದೂವರೆ ಪಟ್ಟು. ಅದನ್ನು ಬೈದವರಲ್ಲಿ ನಾನೂ ಒಬ್ಬ. ಆದರೂ ಆ ಏಣಿಗೆ ಎಷ್ಟು ಮೆಟ್ಟಿಲು, ತುದಿ ಎಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ವಿಮಾನ ಸಂಸ್ಥೆಗಳೂ ಮಾರ್ಗವಾರು ದರಪಟ್ಟಿಯನ್ನು ತಮ್ಮ ತಾಣದಲ್ಲಿ ಹಾಕಬೇಕೆಂಬ ನಿಯಮವಿದೆ. ಅದು ಮೂಲೆಯಲ್ಲೆಲ್ಲೋ ಇರುತ್ತದೆ, ಯಾವ ದರದಲ್ಲಿ ಎಷ್ಟು ಸೀಟು ಎಂಬುದು ಅದರಲ್ಲಿ ಕಾಣುವುದಿಲ್ಲ. ಬೇರೆ ಬೇರೆ ಬೆಲೆ ಇರುವುದರ ಬಗ್ಗೆ ನನಗೆ ತಕರಾರಿಲ್ಲ; ಅದಿಲ್ಲದಿದ್ದರೆ ಹುಬ್ಬಳ್ಳಿಯ ಅಜ್ಜಿ ವಿಮಾನ ಹತ್ತುತ್ತಿರಲಿಲ್ಲ. ನನ್ನ ತಕರಾರು ಮುಚ್ಚಿಟ್ಟ ಏಣಿಯ ಬಗ್ಗೆ. ನಾಲ್ಕು ಟಿಕೆಟ್ ಕೇಳಿದವರಿಗೆ ‘6,100ರ ದರದಲ್ಲಿ ಎರಡು ಇವೆ, ಉಳಿದೆರಡು 7,400’ ಎಂದು ಒಂದು ಸಾಲು ತೋರಿಸಲು ಯಾವ ಹೊಸ ಯಂತ್ರವೂ ಬೇಡ. ಆ ಎರಡು ಸೀಟು ಉಳಿದಿರುವುದು ಕಂಪ್ಯೂಟರಿಗೆ ಆ ರಾತ್ರಿಯೂ ಗೊತ್ತಿತ್ತು.