ಸೆಕ್ಸ್ ಲಿಂಕ್ ಮರಿ: ಮಗಳಿಗೆ ಅಪ್ಪನ ಬಣ್ಣ

ಅಂಕೋಲೆ ಕಡೆಯ ನಮ್ಮ ಮನೆಯಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸುವ ಮೊದಲು ದೊಡ್ಡಮ್ಮ ಒಂದೊಂದೇ ಮೊಟ್ಟೆ ಎತ್ತಿ ನೋಡುತ್ತಿದ್ದರು. ತುದಿ ಚೂಪಾಗಿದ್ದರೆ ಹುಂಜ, ಗುಂಡಗಿದ್ದರೆ ಹೇಂಟೆ. ಗುಂಡಗಿನದ್ದನ್ನೇ ಆರಿಸಿ ಇಡುತ್ತಿದ್ದರು. 21 ದಿನಕ್ಕೆ ಮರಿ ಒಡೆದು ಬರುತ್ತಿದ್ದವು. ಆದರೆ ಯಾವುದು ಏನು ಅಂತ ತಿಳಿಯಲು ಜುಟ್ಟು ಕೆಂಪಾಗುವವರೆಗೆ ಕಾಯಬೇಕು. ಅಷ್ಟರಲ್ಲಿ ಹದ್ದು, ಮುಂಗುಸಿ ತಮ್ಮ ಪಾಲು ಎತ್ತಿಕೊಂಡು ಹೋಗಿರುತ್ತಿದ್ದವು. ಉಳಿದವುಗಳಲ್ಲಿ ಹುಂಜ ಜಾಸ್ತಿಯಾದರೆ ದೊಡ್ಡಮ್ಮನ ಉತ್ತರ ತಯಾರಿತ್ತು: "ಹೇಂಟೆಗಳನ್ನೇ ಮುಂಗುಸಿ ತಿಂದಿದ್ದು."

ಮೊಟ್ಟೆಯ ಆಕಾರಕ್ಕೂ ಮರಿ ಹೆಣ್ಣೋ ಗಂಡೋ ಎಂಬುದಕ್ಕೂ ಸಂಬಂಧವಿಲ್ಲ. ಮರಿಯ ಬಣ್ಣಕ್ಕೆ ಮಾತ್ರ ಕೆಲವೊಮ್ಮೆ ಇದೆ. ಜೋಡಿಯನ್ನು ಸರಿಯಾಗಿ ಕೂಡಿಸಿದರೆ, ಮರಿ ಹುಟ್ಟಿದ ದಿನವೇ ಅದರ ಬಣ್ಣ ನೋಡಿ ಹುಂಜ ಯಾವುದು, ಹೇಂಟೆ ಯಾವುದು ಅಂತ ಬೇರೆ ಮಾಡಬಹುದು. ಹಾಗೆ ಹುಟ್ಟಿದ ಮರಿಗೆ ಕೋಳಿ ಸಾಕುವವರು 'ಸೆಕ್ಸ್ ಲಿಂಕ್' ಅನ್ನುತ್ತಾರೆ. ಇದು ತಳಿಯ ಹೆಸರು ಅಂದುಕೊಂಡವರು ತುಂಬಾ ಜನ. ಅಲ್ಲ. ಇದು ಒಂದು ಕೂಡಿಕೆಯ ಹೆಸರು. ಹೆಣ್ಣು-ಗಂಡನ್ನು ತೀರ್ಮಾನ ಮಾಡುವ ಕ್ರೋಮೋಸೋಮಿಗೇ ಬಣ್ಣದ ಜೀನ್ ಅಂಟಿಕೊಂಡಿದೆ ಅನ್ನುವುದು ಆ ಪದದ ಅರ್ಥ.

ಇದು ಹೇಗೆ ಅಂತ ತಿಳಿಯಲು ಸ್ವಲ್ಪ ತಲೆಕೆಳಗಾಗಿ ಯೋಚಿಸಬೇಕು. ಮನುಷ್ಯರಲ್ಲಿ ಮಗು ಹೆಣ್ಣೋ ಗಂಡೋ ಎಂಬುದು ಅಪ್ಪನ ಕಡೆಯಿಂದ ತೀರ್ಮಾನವಾಗುತ್ತದೆ. ಕೋಳಿಯಲ್ಲಿ ತಾಯಿಯ ಕಡೆಯಿಂದ. ಹೆಣ್ಣು ಹೆತ್ತಳು ಅಂತ ಸೊಸೆಗೆ ಬೈಯುವವರು ಹೇಂಟೆಗೆ ಬೈದಿದ್ದರೆ ಕೊನೇಪಕ್ಷ ವಿಜ್ಞಾನವಾದರೂ ಅವರ ಕಡೆ ಇರುತ್ತಿತ್ತು! ಹುಂಜನ ಬಳಿ ಎರಡು ಝಡ್ ಕ್ರೋಮೋಸೋಮುಗಳಿವೆ. ಹೇಂಟೆಯ ಬಳಿ ಒಂದು ಝಡ್, ಒಂದು ಡಬ್ಲ್ಯೂ. ತಾಯಿ ತನ್ನ ಝಡ್ ಅನ್ನು ಗಂಡುಮರಿಗೆ ಕೊಡುತ್ತಾಳೆ, ಡಬ್ಲ್ಯೂ ಅನ್ನು ಹೆಣ್ಣುಮರಿಗೆ. ಹಾಗಾಗಿ ಹೆಣ್ಣುಮರಿಯ ಬಳಿ ಇರುವ ಒಂದೇ ಒಂದು ಝಡ್ ಅಪ್ಪನದ್ದು. ಝಡ್ ಮೇಲೆ ಕೂತ ಬಣ್ಣ ಯಾವುದೇ ಇರಲಿ, ಅದು ಮಗಳಿಗೆ ತಾಯಿಯಿಂದ ಸಿಗುವುದೇ ಇಲ್ಲ. ಮಗನಿಗೆ ಇಬ್ಬರಿಂದಲೂ ಸಿಗುತ್ತದೆ.

ಇದರ ಲಾಭ ಪಡೆಯಬೇಕಾದರೆ ತಾಯಿಯ ಬಣ್ಣ ಜೋರಿನದ್ದಾಗಿರಬೇಕು, ಅಪ್ಪನದ್ದು ಅದರೆದುರು ಅಡಗುವಂಥದ್ದು. ಹೆಸರಾದ ಉದಾಹರಣೆ ಅಡ್ಡಪಟ್ಟೆಯದ್ದು. ಬಾರ್ಡ್ ಪ್ಲಿಮತ್ ರಾಕ್ ಹೇಂಟೆಗೆ ಮೈತುಂಬಾ ಕಪ್ಪು-ಬಿಳಿ ಅಡ್ಡಪಟ್ಟೆ. ಅದಕ್ಕೆ ಕೆಂಪು ರೋಡ್ ಐಲ್ಯಾಂಡ್ ರೆಡ್ ಹುಂಜನನ್ನು ಬಿಟ್ಟರೆ ಮರಿಗಳೆಲ್ಲ ಕಪ್ಪಗೆ ಹುಟ್ಟುತ್ತವೆ. ಆದರೆ ಗಂಡುಮರಿಯ ನೆತ್ತಿ ಮೇಲೆ ಸುಣ್ಣ ತಾಗಿದ ಹಾಗೆ ಒಂದು ಬಿಳಿ ಚುಕ್ಕೆ ಇರುತ್ತದೆ, ಹೆಣ್ಣುಮರಿಗೆ ಇರುವುದಿಲ್ಲ. ಆ ಚುಕ್ಕೆ ತಾಯಿಯ ಪಟ್ಟೆಯ ಗುರುತು. ಗರಿ ಬಂದ ಮೇಲೆ ಮಗ ತಾಯಿಯಂತೆ ಪಟ್ಟೆ ಪಟ್ಟೆಯಾಗುತ್ತಾನೆ. ಮಗಳಿಗೆ ಪಟ್ಟೆ ಬರುವುದೇ ಇಲ್ಲ. ಕಪ್ಪು ಗರಿ, ಸಾಮಾನ್ಯವಾಗಿ ಕುತ್ತಿಗೆಗೆ ಒಂದಿಷ್ಟು ಕೆಂಪು.

ಇದೇ ಜೋಡಿಯನ್ನು ತಿರುಗಿಸಿ ನೋಡಿ. ಪಟ್ಟೆ ಹುಂಜ, ಕೆಂಪು ಹೇಂಟೆ. ಅಪ್ಪನ ಪಟ್ಟೆ ಮಗನಿಗೂ ಹೋಯಿತು, ಮಗಳಿಗೂ ಹೋಯಿತು. ಗುರುತು ಎಲ್ಲಿ ಉಳಿಯಿತು? 'ನಾನೂ ಅದೇ ಎರಡು ತಳಿ ತಂದು ಬಿಟ್ಟೆ, ಏನೂ ಆಗಲಿಲ್ಲ' ಎನ್ನುವವರನ್ನು ನಾನು ಮೊದಲು ಕೇಳುವುದೇ ಇದು: ಹುಂಜ ಯಾವ ಕಡೆಯದು?

ಪಟ್ಟೆಯ ಈ ಗುಟ್ಟನ್ನು 1908ರಲ್ಲೇ ಅಮೆರಿಕದ ವಿಲಿಯಂ ಸ್ಪಿಲ್‌ಮನ್ ಬರೆದಿದ್ದರು. ಮುಂದೆ ಇಂಗ್ಲೆಂಡಿನ ರೆಜಿನಾಲ್ಡ್ ಪನ್ನೆಟ್ ಇದನ್ನು ಕೋಳಿ ಸಾಕುವವರ ಕೆಲಸಕ್ಕೆ ಹಚ್ಚಿದರು. ಶಾಲೆಯಲ್ಲಿ ಜೀನ್ ಲೆಕ್ಕಕ್ಕೆ ಚೌಕದ ಮನೆ ಹಾಕಿದ ನೆನಪಿದ್ದರೆ, ಅದು ಇವರದೇ ಚೌಕ.

ಎರಡನೇ ಬಗೆ ಬೆಳ್ಳಿ-ಬಂಗಾರದ್ದು. ಲೈಟ್ ಸಸೆಕ್ಸ್‌ನಂಥ ಬಿಳಿ ಮೈಯ ಹೇಂಟೆಯಲ್ಲಿ 'ಬೆಳ್ಳಿ' ಜೀನ್ ಇದೆ. ಕೆಂಪು ಹುಂಜನ 'ಬಂಗಾರ' ಅದರ ಮುಂದೆ ಅಡಗುತ್ತದೆ. ಗಂಡುಮರಿ ತಿಳಿ ಹಳದಿ, ಹೆಣ್ಣುಮರಿ ಕೆಂಗಂದು. ದೊಡ್ಡ ಹ್ಯಾಚರಿಗಳಲ್ಲಿ ಕಂದು ಮೊಟ್ಟೆಯ ಕೋಳಿಗಳನ್ನು ಹೆಚ್ಚಾಗಿ ಹೀಗೇ ಬೇರೆ ಮಾಡುತ್ತಾರೆ. ಬಣ್ಣವೇ ಬೇಡದ ಇನ್ನೊಂದು ಬಗೆಯೂ ಇದೆ. ಅಲ್ಲಿ ರೆಕ್ಕೆಯ ಗರಿ ಬೇಗ ಬರುತ್ತದೋ ನಿಧಾನಕ್ಕೋ ಎಂಬುದನ್ನು ನೋಡುತ್ತಾರೆ.

ಕೋಳಿಯ ಬಣ್ಣವೆಲ್ಲ ಹೀಗೆ ಅಂತಲ್ಲ. ಕಾಲಿನ ಹಳದಿಯನ್ನೇ ತೆಗೆದುಕೊಳ್ಳಿ. ಆ ಜೀನ್ ಊರಕೋಳಿಗೆ ಬಂದಿದ್ದು ಬೂದು ಕಾಡುಕೋಳಿಯಿಂದ, ಶಿರಸಿ-ಯಲ್ಲಾಪುರದ ಕಾಡಿನಲ್ಲಿ ಬೆಳಿಗ್ಗೆ ಕೂಗುತ್ತದಲ್ಲ, ಅದೇ. ಆದರೆ ಅದು ಝಡ್ ಮೇಲಿಲ್ಲ, ಹೆಣ್ಣು-ಗಂಡು ಹೇಳುವುದಿಲ್ಲ. ಇನ್ನು ಜಾತ್ರೆಯಲ್ಲಿ ಗುಲಾಬಿ, ಹಸಿರು ಮರಿ ಮಾರುತ್ತಾರಲ್ಲ, ಅದು ಸುಮ್ನೆ ಬಣ್ಣದ ನೀರು. ಸಣ್ಣವನಿದ್ದಾಗ 'ಹೇಂಟೆಯೇ' ಅಂತ ನಂಬಿಸಿ ಒಬ್ಬ ನನಗೆ ನಾಲ್ಕು ಹಸಿರು ಮರಿ ಕೊಟ್ಟಿದ್ದ. ಬದುಕಿದ್ದು ಒಂದು. ಅದೂ ಕೂಗಿತು.

ಸೆಕ್ಸ್ ಲಿಂಕ್ ಆಟ ಒಂದೇ ತಲೆಮಾರಿನದ್ದು ಎಂಬುದನ್ನು ಮರಿ ಮಾರುವವರು ಹೇಳುವುದು ಕಡಿಮೆ. ಪಟ್ಟೆ ಬಂದ ಮಗನನ್ನೂ ಕಪ್ಪು ಮಗಳನ್ನೂ ಕೂಡಿಸಿದರೆ ಮುಂದಿನ ಮರಿಗಳಲ್ಲಿ ಹುಂಜಗಳಲ್ಲೂ ಸುಮಾರು ಅರ್ಧಕ್ಕೆ ಚುಕ್ಕೆ, ಹೇಂಟೆಗಳಲ್ಲೂ ಸುಮಾರು ಅರ್ಧಕ್ಕೆ. ಮತ್ತೆ ಗುರುತು ಬೇಕು ಅಂದರೆ ಮೊದಲಿನ ಅಪ್ಪ-ಅಮ್ಮನ ತಳಿಗೇ ಹೋಗಬೇಕು.

ನಮ್ಮ ಅಂಗಳಕ್ಕೆ ಇದರ ಅಗತ್ಯ ಎಷ್ಟು? ಮೊಟ್ಟೆ ಫಾರಂಗಳಿಗೆ ಹುಂಜಮರಿ ಬೇಡ, ಹೆಚ್ಚಿನ ಕಡೆ ಹುಟ್ಟಿದ ದಿನವೇ ಕೊಲ್ಲುತ್ತಾರೆ. ಅವರಿಗೆ ಈ ಗುರುತು ದುಡ್ಡಿನ ಲೆಕ್ಕ. ನಮ್ಮಲ್ಲಿ ಊರ ಹುಂಜಕ್ಕೆ ಹೇಂಟೆಗಿಂತ ಜಾಸ್ತಿ ಬೆಲೆ. ಹರಕೆಗೆ ಅದೇ ಬೇಕು, ನೆಂಟರು ಬಂದರೆ ವಡೆ-ಕೋಳಿಸಾರಿಗೂ ಅದೇ. ಕಾರವಾರದ ರವಿವಾರದ ಸಂತೆಗೆ ಯಾವುದನ್ನು ಕೊಡುವುದು, ಮೊಟ್ಟೆಗೆ ಎಷ್ಟು ಇಟ್ಟುಕೊಳ್ಳುವುದು ಅಂತ ಮೊದಲೇ ತಿಳಿದರೆ ಗೂಡಿನ ಜಾಗ, ಅಕ್ಕಿ ನುಚ್ಚು ಉಳಿಯುತ್ತದೆ. ಅಷ್ಟೇ ನನ್ನ ಲೆಕ್ಕ.

ಆದರೂ ಹೋದ ಮಳೆಗಾಲ ಮುಗಿದ ಮೇಲೆ ಒಂದು ಕೈ ನೋಡಿದೆ. ಮನೆಯಲ್ಲಿ ಪಟ್ಟೆಪಟ್ಟೆಯ ಊರ ಹೇಂಟೆ ಇತ್ತು. ಪಕ್ಕದ ಮನೆಯ ಕೆಂಪು ಹುಂಜ ಮಾತ್ರ ಅದರ ಹತ್ತಿರ ಬರುವ ಹಾಗೆ ಒಂದು ತಿಂಗಳು ನೋಡಿಕೊಂಡೆ. ಹಿಂದಿನ ಹುಂಜನ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ವಾರಕ್ಕೂ ಮೇಲೆ ಉಳಿಯುತ್ತದೆ, ಅದಕ್ಕೆ. ಒಂಬತ್ತು ಮರಿ ಬಂದವು. ಐದು ಕಪ್ಪು. ಅವುಗಳಲ್ಲಿ ಮೂರರ ನೆತ್ತಿ ಮೇಲೆ ಚುಕ್ಕೆ, ಎರಡಕ್ಕೆ ಇಲ್ಲ. ನಾನು ಕುಣಿದೆ. ಉಳಿದ ನಾಲ್ಕು ಅಳಿಲಿನ ಹಾಗೆ ಬೆನ್ನ ಮೇಲೆ ಗೆರೆ ಇದ್ದವು. ಊರಕೋಳಿಯ ಬೆರಕೆ ರಕ್ತ ಅದು. ಚುಕ್ಕೆ ನೋಡಲು ಮೈ ಕಪ್ಪಗಿರಬೇಕು. ಗೆರೆ ಮರಿಯ ತಲೆಯಲ್ಲಿ ಯಾವುದು ಚುಕ್ಕೆ, ಯಾವುದು ಗೆರೆ ಅಂತ ಹೇಳುವುದು ಕಷ್ಟ.

ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತು ಆ ನಾಲ್ಕನ್ನೂ ಒಂದೊಂದಾಗಿ ಕೈಯಲ್ಲಿ ಎತ್ತಿ ನೋಡಿದರು. "ಇವು ಗುಂಡಗಿನ ಮೊಟ್ಟೆಯವು ಅಲ್ವಾ?" ಅಂದರು.