ಎ.ಡಿ.ಎಚ್.ಡಿ. ಮಗು: ಅರ್ಧ ಮನೆಗೆ ಕಾಣುತ್ತೆ, ಅರ್ಧ ಶಾಲೆಗೆ

ಬಿ.ಎಡ್.ನಲ್ಲಿ ಸಮನ್ವಯ ಶಿಕ್ಷಣ ಓದುತ್ತಿರುವವರಿಗೆ, ದಾವಣಗೆರೆ ಸುತ್ತಿನ ಶಾಲೆಗಳಿಗೆ ಇಂಟರ್ನ್‌ಶಿಪ್‌ಗೆ ಹೊರಟವರಿಗೆ ಈ ಟಿಪ್ಪಣಿ. ‘ಪೋಷಕ–ಶಿಕ್ಷಕ ಸಹಕಾರ’ ಎಂದು ಪ್ರಶ್ನೆ ಬಂದರೆ ಸಭೆ, ಸಹಿ, ಎಸ್‌ಡಿಎಂಸಿ ಎಂದು ಬರೆದು ಮುಗಿಸುವುದು ರೂಢಿ. ಎ.ಡಿ.ಎಚ್.ಡಿ. (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ವಿಷಯಕ್ಕೆ ಅಷ್ಟು ಸಾಲದು. ಇಬ್ಬರ ಮಾತೂ ಸೇರದೆ ಇಲ್ಲಿ ರೋಗನಿರ್ಣಯವೇ ಪೂರ್ತಿಯಾಗುವುದಿಲ್ಲ.

ವೈದ್ಯರು ಬಳಸುವ ಡಿಎಸ್‌ಎಂ-5 (2013) ಕೈಪಿಡಿಯಲ್ಲಿ ಗಮನದ ಕೊರತೆಗೆ 9 ಲಕ್ಷಣ, ಅತಿಚಟುವಟಿಕೆ ಮತ್ತು ದುಡುಕಿಗೆ 9 ಲಕ್ಷಣ ಕೊಟ್ಟಿದ್ದಾರೆ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ ಕನಿಷ್ಠ 6 ಲಕ್ಷಣ 6 ತಿಂಗಳಾದರೂ ಇರಬೇಕು, ಅವುಗಳಲ್ಲಿ ಹಲವು 12 ವರ್ಷಕ್ಕೆ ಮುಂಚೆಯೇ ಕಂಡಿರಬೇಕು, ಎರಡು ಅಥವಾ ಹೆಚ್ಚು ಕಡೆ ಕಾಣಬೇಕು. ಈ ಕೊನೆಯ ಷರತ್ತಿಗೆ ಅಡಿಗೆರೆ ಹಾಕಿಕೊಳ್ಳಿ. ಮಗು ತರಗತಿಯಲ್ಲಿ ಮಾತ್ರ ಚಡಪಡಿಸಿ ಉಳಿದ ಕಡೆ ಸರಿಯಿದ್ದರೆ ಬೇರೆ ಕಾರಣ ಹುಡುಕಬೇಕು: ಬೋರ್ಡು ಕಾಣುತ್ತಿಲ್ಲವೇನೋ, ಪಾಠ ಹತ್ತುತ್ತಿಲ್ಲವೇನೋ, ಯಾರಿಗಾದರೂ ಹೆದರುತ್ತಿದೆಯೇನೋ. ಅದಕ್ಕೇ ವೈದ್ಯರು ಪೋಷಕರಿಗೊಂದು, ಶಿಕ್ಷಕರಿಗೊಂದು ಪ್ರಶ್ನಾವಳಿ ಕೊಡುತ್ತಾರೆ. ಶಿಕ್ಷಕರು ಅದನ್ನು ತುಂಬದೆ ‘ತುಂಬಾ ತುಂಟ’ ಎಂದು ಗೀಚಿ ಕಳಿಸಿದರೆ ವೈದ್ಯರಿಗೆ ಅರ್ಧ ಚಿತ್ರವೇ ಗತಿ.

ಪೋಷಕರು ಖಂಡಿತ ಎತ್ತುವ ಮಾತೊಂದಿದೆ. “ಮೊಬೈಲ್ ಹಿಡ್ಕಂಡು ತಾಸುಗಟ್ಲೆ ಅಲ್ಲಾಡ್ದಂಗೆ ಕುಂದ್ರತಾನೆ ಸರ್, ಇವನಿಗೆಂಥ ಗಮನದ ತೊಂದ್ರೆ?” ಇದಕ್ಕೆ ಉತ್ತರ ಸಿದ್ಧವಿರಲಿ. ಮೊಬೈಲು ಕ್ಷಣಕ್ಷಣಕ್ಕೂ ಹೊಸದೇನೋ ಕೊಡುತ್ತದೆ. ಮಗ್ಗಿ ಬರೆಯುವುದು ಏನನ್ನೂ ಕೂಡಲೇ ಕೊಡುವುದಿಲ್ಲ. ಈ ಮಕ್ಕಳಿಗೆ ಕಷ್ಟವಾಗುವುದು ರುಚಿಸದ ಕೆಲಸದ ಮೇಲೆ ಗಮನವನ್ನು ನಿಲ್ಲಿಸಿಕೊಳ್ಳುವುದು. ಬುದ್ಧಿಗೂ ಇದಕ್ಕೂ ಸಂಬಂಧ ಕಟ್ಟಬೇಡಿ. ಇನ್ನು ಗಲಾಟೆಯೇ ಮಾಡದೆ ಕಿಟಕಿಯ ಕಡೆ ನೋಡುತ್ತ ಕೂತ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಗಮನದ ಕೊರತೆಯಷ್ಟೇ ಇರುವ ಬಗೆಯೂ ಎ.ಡಿ.ಎಚ್.ಡಿ.ಯೇ.

ಈಗ ಡೈರಿಯ ವಿಷಯ. ನಮ್ಮ ಶಾಲೆಗಳಲ್ಲಿ ಡೈರಿ ಎಂದರೆ ದೂರಿನ ಪುಸ್ತಕ. ಮಂಡಕ್ಕಿ ಭಟ್ಟಿಯಲ್ಲೋ ಎಪಿಎಂಸಿಯಲ್ಲೋ ದುಡಿದು ಸಂಜೆ ಮನೆಗೆ ಬಂದ ತಂದೆಗೆ ದಿನವೂ ‘ಹೋಂವರ್ಕ್ ಮಾಡಿಲ್ಲ’ ಎಂಬ ಕೆಂಪು ಶಾಯಿ ಕಂಡರೆ ಆತ ಮಾಡುವುದು ಎರಡೇ: ಹೊಡೆಯುವುದು ಇಲ್ಲವೇ ಡೈರಿ ತೆರೆಯುವುದನ್ನೇ ಬಿಡುವುದು. ಇದರ ಬದಲಿಗೆ ಬಳಕೆಯಲ್ಲಿರುವ ದಿನವಹಿ ವರದಿ ಕಾರ್ಡು ಒಳ್ಳೆಯ ಉಪಾಯ, ಪರೀಕ್ಷೆಗೂ ಇದನ್ನೇ ವಿವರವಾಗಿ ಬರೆಯಿರಿ. ಮೂರರಿಂದ ಐದು ಗುರಿ ಸಾಕು. ‘ಒಳ್ಳೆ ಹುಡುಗನಾಗಿರಬೇಕು’ ಎಂಬುದು ಗುರಿಯಾಗದು. ‘ಗಣಿತದ ಅವಧಿಯಲ್ಲಿ ಐದರಲ್ಲಿ ಮೂರು ಲೆಕ್ಕ ಮುಗಿಸಿದ’, ‘ಕೈ ಎತ್ತಿ ಮಾತಾಡಿದ’ ಎಂಬಂಥವು ಆಗುತ್ತವೆ, ಎಣಿಸಬಹುದಲ್ಲ. ಮೊದಲ ವಾರ ಮಗು ಗೆಲ್ಲುವಷ್ಟೇ ಸುಲಭವಿರಲಿ. ಶಿಕ್ಷಕರು ಆಯಾ ಅವಧಿ ಮುಗಿದಾಗಲೇ ಗುರುತು ಹಾಕಬೇಕು, ಸಂಜೆ ನೆನಪಿಸಿಕೊಂಡು ಹಾಕಿದರೆ ಪ್ರಯೋಜನವಿಲ್ಲ. ಮನೆಯವರು ಅದೇ ಸಂಜೆ ಮೆಚ್ಚುಗೆ ತೋರಿಸಬೇಕು: ಅಪ್ಪನ ಜೊತೆ ಹತ್ತು ನಿಮಿಷ ಕ್ರಿಕೆಟ್, ರಾತ್ರಿ ಏನು ಅಡುಗೆ ಎಂದು ಆರಿಸುವ ಅಧಿಕಾರ. ಪರೀಕ್ಷೆ ಮುಗಿದ ಮೇಲೆ ಸೈಕಲ್ ಎಂಬ ಆಸೆ ಈ ಮಕ್ಕಳನ್ನು ಅಲ್ಲಿಯವರೆಗೆ ಹಿಡಿದಿಡುವುದಿಲ್ಲ. ಗುರುತು ಕಡಿಮೆ ಬಿದ್ದ ದಿನ ಊಟ, ಆಟದ ಪಿರಿಯಡ್ ಕಿತ್ತುಕೊಳ್ಳಕೂಡದು. ಓಡಾಟ ಇವರಿಗೆ ಎಲ್ಲರಿಗಿಂತ ಹೆಚ್ಚು ಬೇಕು. ಹೊಡೆತವನ್ನಂತೂ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ನೇ ನಿಷೇಧಿಸಿದೆ.

ಕಾರ್ಡು ಎರಡೂ ದಿಕ್ಕಿಗೆ ಹರಿಯಬೇಕು. ‘ರಾತ್ರಿ ನಿದ್ದೆ ಇಲ್ಲ’, ‘ಇವತ್ತು ಮಾತ್ರೆ ಕೊಟ್ಟಿಲ್ಲ’ ಎಂದು ತಾಯಿ ಎರಡು ಪದ ಬರೆದರೂ ಶಿಕ್ಷಕರ ದಿನ ಬದಲಾಗುತ್ತದೆ. ಓದು-ಬರಹ ಬಾರದ ಮನೆಯಾದರೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಆದೀತು, ಆದರೆ ತರಗತಿಯ ಗುಂಪಿನಲ್ಲಿ ಬೇಡ. ಇನ್ನೊಂದು ಮಾತು: ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎ.ಡಿ.ಎಚ್.ಡಿ.ಯಲ್ಲಿ ಆನುವಂಶಿಕತೆಯ ಪಾಲು ಸುಮಾರು 70ರಿಂದ 80 ಶೇಕಡಾ. ಸಭೆಯ ದಿನ ಮರೆಯುವ, ಕಾರ್ಡು ಕಳೆಯುವ ಪೋಷಕರಿಗೂ ಅದೇ ತೊಂದರೆ ಇದ್ದೀತು. ‘ಜವಾಬ್ದಾರಿ ಇಲ್ಲದ ಮನೆ’ ಎಂದು ಷರಾ ಬರೆಯುವ ಮುಂಚೆ ಇದನ್ನು ನೆನೆಯಿರಿ.

ಮಾತ್ರೆಯ ವಿಷಯ ನೋಟ್ಸ್‌ಗಳಲ್ಲಿ ಒಂದೇ ಸಾಲಿಗೆ ಮುಗಿಯುತ್ತದೆ, ಆದರೆ ಸಹಕಾರ ಹೆಚ್ಚು ಬೇಕಿರುವುದು ಇಲ್ಲೇ. ಎ.ಡಿ.ಎಚ್.ಡಿ.ಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧಿಯ ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ತಾಸು. ಬೆಳಿಗ್ಗೆ ಕೊಟ್ಟದ್ದು ಕೆಲಸ ಮಾಡುವ ಹೊತ್ತಿಗೆ ಮಗು ಶಾಲೆಯಲ್ಲಿರುತ್ತದೆ, ಮನೆಗೆ ಬರುವಷ್ಟರಲ್ಲಿ ಪರಿಣಾಮ ಇಳಿದಿರುತ್ತದೆ. ತಾಯಿ “ಏನೂ ಗುಣ ಇಲ್ಲ” ಎಂದು ನಿಲ್ಲಿಸುವುದು ಹೀಗೆ. ಔಷಧಿಗೆ ಶಿಕ್ಷಕರೇ ಸಾಕ್ಷಿ. ಹಸಿವು ಕುಗ್ಗುವುದು ಇದರ ಸಾಮಾನ್ಯ ಅಡ್ಡಪರಿಣಾಮ. ಬಿಸಿಯೂಟದಲ್ಲಿ ತಟ್ಟೆ ಹಾಗೇ ಉಳಿದರೆ ಮನೆಗೆ ತಿಳಿಸಿ. ಮಾತ್ರೆ ಶುರು ಮಾಡಿ, ಬಿಡಿ ಎಂದು ಮಾತ್ರ ಹೇಳಬೇಡಿ, ಅದು ವೈದ್ಯರ ಕೆಲಸ. “ಇವತ್ತು ಮಾತ್ರೆ ನುಂಗಿಲ್ವೇನೋ?” ಎಂದು ತರಗತಿ ಎದುರು ಕೇಳುವುದಂತೂ ಕ್ರೌರ್ಯ. 6 ವರ್ಷದೊಳಗಿನವರಿಗೆ ಮೊದಲು ಪೋಷಕರ ತರಬೇತಿ, ಔಷಧಿ ಆಮೇಲೆ.

ಎಲ್ಲಿಗೆ ಕಳಿಸುವುದು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಎ.ಡಿ.ಎಚ್.ಡಿ. ಇದೆ, ತಂಡ ಶಾಲೆಗೆ ಬಂದಾಗ ಹೇಳಿ. ದಾವಣಗೆರೆಯವರಿಗೆ ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ ಹತ್ತಿರ. ದೂರವಾಣಿಯಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 21 ಬಗೆಗಳಲ್ಲಿ ಎ.ಡಿ.ಎಚ್.ಡಿ. ಹೆಸರಿಲ್ಲ, ನಿರ್ದಿಷ್ಟ ಕಲಿಕಾ ನ್ಯೂನತೆಯ ಹೆಸರಿದೆ. ಎರಡೂ ಒಟ್ಟಿಗೆ ಇರುವ ಮಕ್ಕಳು ಬಹಳ. ಓದು-ಬರಹದಲ್ಲೂ ತೊಡಕಿದ್ದರೆ ಅದರ ಪರೀಕ್ಷೆಯನ್ನೂ ಮಾಡಿಸಲು ಪೋಷಕರಿಗೆ ಹೇಳಿ.

ಒಂದು ವರ್ಷ ಚೆನ್ನಾಗಿ ನಡೆದ ಕಾರ್ಡು ಮುಂದಿನ ತರಗತಿಯಲ್ಲಿ ನಿಂತುಹೋಗುವುದುಂಟು. ಹೊಸ ಶಿಕ್ಷಕರಿಗೆ ವಿಷಯ ಯಾರು ಹೇಳಬೇಕೆಂದು ಮಾರ್ಚಿಯಲ್ಲೇ ಗೊತ್ತು ಮಾಡಿಕೊಳ್ಳಿ, ತಾಯಿಯ ಒಪ್ಪಿಗೆಯನ್ನೂ ಪಡೆಯಿರಿ. ತಾಯಿಯೊಬ್ಬಳೇ ಹೋಗಿ ಕೇಳಿದರೆ “ನಿಮ್ಮ ಹುಡುಗನಿಗೆ ಮಾತ್ರ ಯಾಕಮ್ಮ?” ಎಂಬ ಪ್ರಶ್ನೆ ಬರುತ್ತದೆ, ಹಳೆಯ ಶಿಕ್ಷಕರು ಜೊತೆಗೆ ನಿಂತು ಕಾರ್ಡುಗಳನ್ನು ಕೊಟ್ಟರೆ ಆ ಪ್ರಶ್ನೆ ಏಳುವುದಿಲ್ಲ.